ಬೀರು ಯಾರದು?

ನಮಸ್ಕಾರ,

ಸಿ. ಎಸ್. ಲೂಯಿಸ್ ಮಕ್ಕಳಿಗಾಗಿ ಬರೆದ ನಾರ್ನಿಯಾ ಕಥೆಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸರಾಗವಾಗಿದೆ. ಅವರಿಗಿಂತ ಮೊದಲಿನ ಇಂಗ್ಲಿಷ್ ಮಕ್ಕಳ ಕಥೆಗಾರ್ತಿ ಇ. ನೆಸ್ಬಿಟ್ ಅವರನ್ನು ಹುಡುಕಿ ಓದಿದ್ದೀರಿ, ಸಂತೋಷ. ಆದರೆ ಈಗಿರುವ ಹಾಗೇ ಹಾಕಲು ನನಗೆ ಮನಸ್ಸಿಲ್ಲ.

ಮೊದಲ ಸಾಲಲ್ಲೇ ‘ಸಿ. ಎಸ್. ಲೂಯಿಸ್ ನೆಸ್ಬಿಟ್ ಅವರ ಬೀರುವನ್ನು ಕದ್ದರು’ ಅಂತೀರಿ. ನೆಸ್ಬಿಟ್ ಅವರ 1912ರ ‘ದಿ ಮ್ಯಾಜಿಕ್ ವರ್ಲ್ಡ್’ ಸಂಕಲನದ ಒಂದು ಕಥೆಯಲ್ಲಿ ಅಮಾಬೆಲ್ ಎಂಬ ಹುಡುಗಿ ಬೀರುವಿನೊಳಗಿಂದ ಮಾಯಾಲೋಕಕ್ಕೆ ಹೋಗುತ್ತಾಳೆ, 1950ರಲ್ಲಿ ಬಂದ ಲೂಯಿಸರ ಮೊದಲ ನಾರ್ನಿಯಾ ಪುಸ್ತಕದಲ್ಲಿ ಲೂಸಿ ಎಂಬ ಹುಡುಗಿಯೂ ಹಾಗೇ ಹೋಗುತ್ತಾಳೆ, ಅಷ್ಟೇ ನಿಮ್ಮ ಸಾಕ್ಷಿ. ಬಟ್ಟೆ ಬೀರು ಇಂಗ್ಲೆಂಡಿನ ಎಷ್ಟೋ ಮನೆಗಳಲ್ಲಿ ಇತ್ತಲ್ವಾ? ನಿಜವಾದ ಹೋಲಿಕೆ ಅದರ ಪಕ್ಕದಲ್ಲೇ ಇದೆ, ನೀವು ನೋಡದೆ ದಾಟಿದ್ದೀರಿ. ಅಮಾಬೆಲ್‌ಗೆ ರೈಲಿನ ಟೈಮ್‌ಟೇಬಲ್‌ನಲ್ಲಿ ಕಾಣುವ ಸ್ಟೇಷನ್ ಹೆಸರು ‘ಬಿಗ್‌ವಾರ್ಡ್‌ರೋಬ್‌ಇನ್‌ಸ್ಪೇರ್‌ರೂಮ್’, ಅಂದರೆ ಅತಿಥಿ ಕೋಣೆಯ ದೊಡ್ಡ ಬಟ್ಟೆ ಬೀರು. ಲೂಸಿಯ ಮಾತು ಕೇಳಿದ ನಾರ್ನಿಯಾದ ಟಮ್ನಸ್ ‘ಸ್ಪೇರ್ ಊಮ್’ ಒಂದು ದೇಶ, ‘ವಾರ್ ಡ್ರೋಬ್’ ಒಂದು ಪಟ್ಟಣ ಅಂದುಕೊಳ್ಳುತ್ತಾನೆ. ಇದನ್ನು ತೋರಿಸಿದ್ದರೆ ನಾನು ಎದ್ದು ಕೂರುತ್ತಿದ್ದೆ.

ಕದ್ದವರು ಮುಚ್ಚಿಡುತ್ತಾರೆ. ಲೂಯಿಸ್ 1955ರ ನಾರ್ನಿಯಾ ಪುಸ್ತಕ ‘ದಿ ಮೆಜಿಷಿಯನ್ಸ್ ನೆಫ್ಯೂ’ ಶುರುವಿನಲ್ಲೇ ನೆಸ್ಬಿಟ್ ಅವರ ಕಥೆಗಳ ಬ್ಯಾಸ್ಟಬಲ್ ಮಕ್ಕಳನ್ನು ಹೆಸರು ಹಿಡಿದು ನೆನೆಯುತ್ತಾರೆ. ನೆಸ್ಬಿಟ್ ಅವರ ‘ದಿ ಸ್ಟೋರಿ ಆಫ್ ದಿ ಆಮ್ಯುಲೆಟ್’ ಪ್ರಾಚೀನ ಕಾಲದ ಕಡೆಗೆ ತಮ್ಮ ಕಣ್ಣು ತೆರೆಸಿತು ಅಂತ ಆತ್ಮಕಥೆಯಲ್ಲೂ ಬರೆದಿದ್ದಾರೆ. ‘ಕದ್ದರು’ ತೆಗೆಯಿರಿ.

ಇನ್ನೊಂದು, ಪ್ಯಾರಾಗೊಮ್ಮೆ ಬರುವ ‘ಪ್ರಭಾವ ಬೀರಿದರು’. ನೆಸ್ಬಿಟ್ ತೀರಿಕೊಂಡದ್ದು 1924ರಲ್ಲಿ, ನಾರ್ನಿಯಾ ಹುಟ್ಟುವ ಎಷ್ಟೋ ಮೊದಲು. ಆರಿಸಿಕೊಂಡದ್ದು, ಬದಲಾಯಿಸಿದ್ದು ಎಲ್ಲ ಲೂಯಿಸ್. ನಾನು ಪತ್ರಿಕೆಗೆ ಹೊಸದಾಗಿ ಸೇರಿದಾಗ ಇದೇ ಮಾತು ಬರೆದುಕೊಟ್ಟಿದ್ದೆ. ನಮ್ಮ ಸಂಪಾದಕರು ಕೆಂಪು ಗೆರೆ ಎಳೆದು, ಪಕ್ಕದಲ್ಲಿ ‘ಏನು ತಗೊಂಡ, ಏನು ಬದಲಾಯಿಸಿದ, ಅದು ಹೇಳಪ್ಪ’ ಅಂತ ಬರೆದಿದ್ದರು. ಎರಡೂ ಪುಸ್ತಕ ಎದುರಿಗಿಟ್ಟುಕೊಂಡು ರಾತ್ರಿಯೆಲ್ಲ ಕೂತಿದ್ದೆ. ಇವತ್ತಿಗೂ ಬೇರೆಯವರ ಬರಹ ತಿದ್ದುವಾಗ ಆ ಅಕ್ಷರ ಕಣ್ಣಮುಂದೆ ಬರುತ್ತದೆ.

‘ಆಮ್ಯುಲೆಟ್’ನಲ್ಲಿ ಬ್ಯಾಬಿಲೋನಿನ ರಾಣಿ ಲಂಡನ್ನಿಗೆ ಬರುತ್ತಾಳೆ. ಮ್ಯೂಸಿಯಂನಲ್ಲಿರುವ ಒಡವೆ ತನ್ನದು ಅಂತ ಹಟ ಹಿಡಿಯುತ್ತಾಳೆ, ಹಸಿದವರನ್ನು ಕಂಡು ಇವರಿಗೆ ಊಟ ಸಿಗಲಿ ಅಂತಲೂ ಬಯಸುತ್ತಾಳೆ. ‘ದಿ ಮೆಜಿಷಿಯನ್ಸ್ ನೆಫ್ಯೂ’ನಲ್ಲಿ ಲೂಯಿಸರ ರಾಣಿ ಜೇಡಿಸ್ ಕೂಡ ಲಂಡನ್ನಿಗೇ ಬಂದು ಒಡವೆ ಅಂಗಡಿ ದೋಚುತ್ತಾಳೆ, ಬೀದಿಯಲ್ಲಿ ಅದೇ ಗಲಾಟೆ, ಆದರೆ ಇವಳು ಒಂದೇ ಒಂದು ಮಾತಿನಿಂದ ತನ್ನ ಇಡೀ ಲೋಕವನ್ನು ಕೊಂದು ಬಂದವಳು, ಹಾಗಾಗಿ ನಗುತ್ತಲೇ ಭಯವಾಗುತ್ತದೆ. ಈ ಇಬ್ಬರು ರಾಣಿಯರ ಬಗ್ಗೆ ನಿಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲ. ಅವರಿಂದಲೇ ಶುರು ಮಾಡಿ, ಬೀರು ಆಮೇಲೆ ಬರಲಿ. ಬರೆದು ಕಳಿಸಿ, ಕಾಯುತ್ತಿರುತ್ತೇನೆ.