ಕೋಟೆಯ ಮಾತು ಸಾಕು, ಜಿಗ್ ತೋರಿಸಿ

ನಮಸ್ಕಾರ.

ಬೀದರ್‌ನಿಂದ ನೀವು ಕಳಿಸಿದ ‘ಬಿದ್ರಿ ಪದಕಕ್ಕೆ ತೂತು ಕೊರೆಯಲು ಮನೆಯಲ್ಲೇ ಮಾಡಿದ ಜಿಗ್’ ಲೇಖನ ಓದಿದೆ. ಜಿಗ್ ಅಂದರೆ ಪದಕ ಅಲ್ಲಾಡದಂತೆ ಹಿಡಿದು, ತೂತು ಪ್ರತಿ ಸಲ ಅದೇ ಜಾಗಕ್ಕೆ ಬೀಳುವಂತೆ ಮಾಡುವ ಚೌಕಟ್ಟು. ಈಗಿರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ಆದರೆ ಇದರೊಳಗೆ ಹಾಕಲೇಬೇಕಾದ ಲೇಖನವೊಂದು ಇದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾಲ್ಕು ಪುಟದಲ್ಲಿ ಎರಡೂವರೆ ಪುಟ ಬಹಮನಿ ಸುಲ್ತಾನರು, ಬೀದರ್ ಕೋಟೆಯ ಮಣ್ಣು, 2006ರ ಜಿಐ (ಭೌಗೋಳಿಕ ಗುರುತು) ಮಾನ್ಯತೆ. ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಬಿದ್ರಿ ಕೆಲಸದ ಬಗ್ಗೆ ಬರೆಯುವವರೆಲ್ಲ ಇದನ್ನೇ ಕಳಿಸುತ್ತಾರೆ. ನಿಮ್ಮ ಓದುಗನ ಮುಂದೆ ಡ್ರಿಲ್ ಇದೆ, ಕೈಯಲ್ಲಿ 20 ಮಿ.ಮೀ. ಅಗಲದ ಪದಕ ಇದೆ. ಅವನಿಗೆ ಈಗ ಸುಲ್ತಾನರು ಬೇಡ, ಅಲ್ವಾ? ಮಣ್ಣಿನ ಮಾತು ಒಂದೇ ಕಡೆ ಕೆಲಸಕ್ಕೆ ಬರುತ್ತಿತ್ತು, ಅಲ್ಲೇ ನೀವು ಸುಮ್ಮನಿದ್ದೀರಿ: ತೂತನ್ನು ಯಾವಾಗ ಕೊರೆಯಬೇಕು? ಬಿದ್ರಿ ಎರಕದಲ್ಲಿ ಸತುವೇ ಜಾಸ್ತಿ, ತಾಮ್ರ ಸ್ವಲ್ಪ. ಕೋಟೆಯ ಮಣ್ಣು, ನವಸಾಗರ (ಒಂದು ಬಗೆಯ ಉಪ್ಪು) ಸೇರಿದ ನೀರು ಸೋಕಿದರೆ ಎರಕ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಕಪ್ಪು ಮಾಡಿದ ಮೇಲೆ ಕೊರೆದರೆ ತೂತಿನ ಅಂಚಿನಲ್ಲಿ ಹೊಸ ಲೋಹ ಬೆಳ್ಳಗೆ ಇಣುಕುತ್ತದೆ. ಮೊದಲೇ ಕೊರೆದರೆ ಅಂಚೂ ಕಪ್ಪಾಗುತ್ತದೆ. ಇಷ್ಟು ಬರೆದರೆ ಸಾಕು.

ಈಗ ಜಿಗ್. “4 ಮಿ.ಮೀ. ಪ್ಲೈವುಡ್‌ನಲ್ಲಿ ಪದಕದಷ್ಟು ದುಂಡು ತೂತು ಮಾಡಿ, ಕೆಳಗೆ ಸಾಗವಾನಿ ಹಲಗೆ ಅಂಟಿಸಿ, ಪದಕ ಕೂರಿಸಿ, ಮೇಲೆ ಪಟ್ಟಿ ಇಟ್ಟು ಕೊರೆಯಿರಿ.” ನಿಮ್ಮ ಇಡೀ ವಿವರಣೆ ಈ ಒಂದು ವಾಕ್ಯ. ಪದಕದ ದಪ್ಪ 3 ಮಿ.ಮೀ. ಎಂದು ಬೇರೆ ಕಡೆ ಹೇಳಿದ್ದೀರಿ. ಹಾಗಾದರೆ ಪದಕ ಗುಳಿಯೊಳಗೇ ಮುಳುಗುತ್ತದೆ. ಮೇಲಿನ ಪಟ್ಟಿ ಅದನ್ನು ಮುಟ್ಟುವುದೇ ಇಲ್ಲ, ಡ್ರಿಲ್‌ನ ಕೊರೆಯುವ ಕಡ್ಡಿ, ಅಂದರೆ ಬಿಟ್, ತಗುಲಿದ ಕೂಡಲೇ ಗಿರ್ರನೆ ತಿರುಗುತ್ತದೆ. ಕೆಳಗೆ ರಟ್ಟಿನ ಚೂರು ಹಾಕಿ ಪದಕವನ್ನು ಗುಳಿಗಿಂತ ಕೂದಲೆಳೆಯಷ್ಟು ಮೇಲಕ್ಕೆ ತರಬೇಕು. ನೀವು ಹಾಗೇ ಮಾಡಿದ್ದೀರಿ ಕೂಡ, ಫೋಟೋದಲ್ಲಿ ರಟ್ಟಿನ ಅಂಚು ಕಾಣುತ್ತಿದೆ! ಬರೆಯುವಾಗ ಮಾತ್ರ ಬಿಟ್ಟಿದ್ದೀರಿ.

ಮೇಲಿನ ಪಟ್ಟಿ ಯಾವುದರದ್ದು? ಮರದ್ದಾದರೆ ಕೆಲವೇ ಪದಕಗಳಲ್ಲಿ ಬಿಟ್ ಇಳಿಯುವ ಅದರ ತೂತು ಸವೆದು ಬಿಟ್ ಅಲ್ಲಾಡಲು ಶುರುವಾಗುತ್ತದೆ. ಕಬ್ಬಿಣದ್ದಾದರೆ ಹಾಗೆಂದು ಬರೆಯಿರಿ. ಪಟ್ಟಿ ಪ್ರತಿ ಸಲ ಅದೇ ಜಾಗಕ್ಕೆ ಬಂದು ಕೂರಲು ಏನು ಮಾಡಿದ್ದೀರಿ? ಒಂದೇ ಮೊಳೆಯಾದರೆ ಅದು ಆಚೀಚೆ ಸರಿಯುತ್ತದೆ, ಎರಡು ಬೇಕು. ಎಲ್ಲ ಪದಕದಲ್ಲೂ ತೂತು ಅಂಚಿನಿಂದ ಅಷ್ಟೇ ದೂರ ಬರಲಿ ಅಂತಲೇ ತಾನೇ ಜಿಗ್ ಮಾಡುವುದು? ಕೊರೆದ ಮೇಲೆ ಗುಳಿಯಿಂದ ಪದಕ ಹೊರಗೆ ಬರುವುದು ಹೇಗೆ? ತಳದ ಹಲಗೆಯಲ್ಲಿ ಮೊಳೆ ತೂರಿಸಿ ತಳ್ಳಲು ಜಾಗ ಬಿಟ್ಟಿದ್ದರೆ ಅದನ್ನೂ ಹೇಳಿ. 1.5 ಮಿ.ಮೀ. ಬಿಟ್ಟನ್ನು ಒಂದೇ ಸಲಕ್ಕೆ ಒತ್ತಿದರೆ ಲಟ್ ಅಂತ ಮುರಿಯುತ್ತದೆ. ಆಗಾಗ ಮೇಲೆತ್ತಿ ಲೋಹದ ಪುಡಿ ಹೊರಗೆ ಹಾಕಬೇಕು. ಇದು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ.

ಒಂದು ವಾಕ್ಯವನ್ನಂತೂ ನಾನೇ ಹೊಡೆದುಹಾಕಿದ್ದೇನೆ: “ಸುರಕ್ಷತೆಗೆ ಕೈಗವಸು ಹಾಕಿಕೊಳ್ಳಿ.” ತಿರುಗುವ ಬಿಟ್‌ಗೆ ಬಟ್ಟೆ ಸಿಕ್ಕರೆ ಅದರ ಜೊತೆ ಬೆರಳೂ ಹೋಗುತ್ತದೆ. ಕಣ್ಣಿಗೆ ಕನ್ನಡಕ ಬೇಕು, ಕೈಗವಸು ಬೇಡ. ಉದ್ದ ತೋಳಿದ್ದರೆ ಮಡಚಿಕೊಳ್ಳಬೇಕು.

ಇನ್ನು ಭಾಷೆ. “ಪದಕವನ್ನು ಸ್ಥಿರಗೊಳಿಸುವಿಕೆಯು ಅತ್ಯಂತ ಮಹತ್ವದ್ದಾಗಿರುತ್ತದೆ” ಎಂದು ಶುರುವಿನಲ್ಲೇ ಬರೆದಿದ್ದೀರಿ. ಅದೇ ಮಾತನ್ನು ಮೂರನೇ ಪುಟದಲ್ಲಿ ನಿಮ್ಮ ಕಾಕಾ ಹೇಳುತ್ತಾರೆ: “ಕೈಲೆ ಹಿಡಿಬ್ಯಾಡ, ತಿರುಗಿ ಬೆರಳ ಕೊಯ್ತದ.” ಲೇಖನ ಇಲ್ಲಿಂದ ಶುರುವಾಗಲಿ. ಮೊದಲಿನ ವಾಕ್ಯ ಯಾರು ಬೇಕಾದರೂ ಬರೆಯಬಹುದು. ಕಾಕಾನ ಮಾತನ್ನು ತಿದ್ದಲು ಮಾತ್ರ ಹೋಗಬೇಡಿ.

ಒಂದೂವರೆ ಪುಟಕ್ಕೆ ಇಳಿಸಿ ಮತ್ತೆ ಕಳಿಸಿ. ಎರಡು ಫೋಟೋ ಬೇಕು, ಪಟ್ಟಿ ತೆಗೆದು ಮೇಲಿನಿಂದ ಒಂದು, ಪಕ್ಕದಿಂದ ಒಂದು. ಜೊತೆಗೆ ಒಂದು ಸ್ಕೇಲ್ ಇಟ್ಟು ತೆಗೆಯಿರಿ. ಈಗಿನ ಫೋಟೋದಲ್ಲಿ ಜಿಗ್ ಬೆಂಕಿಪೆಟ್ಟಿಗೆಯಷ್ಟಿದೆಯೋ ಇಟ್ಟಿಗೆಯಷ್ಟಿದೆಯೋ ತಿಳಿಯುತ್ತಿಲ್ಲ.