‘ಡೋಂಟ್’ ಲೋಪಸಂಧಿಯಲ್ಲ

ನಮಸ್ಕಾರ.

ಇಂಗ್ಲಿಷಿನ ‘ಡೋಂಟ್’, ‘ಕಾಂಟ್’, ‘ಇಸಂಟ್’ಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಕನ್ನಡ ಮಾಧ್ಯಮದಲ್ಲಿ ಕಲಿತು ಕಾಲೇಜಿಗೆ ಬಂದ ಮಕ್ಕಳಿಗಾಗಿ ಬರೆದಿದ್ದೀರಿ. ಭಾಷೆ ತಿಳಿಯಾಗಿದೆ, ಉದಾಹರಣೆಗಳು ದಿನಬಳಕೆಯವು. ಆದರೆ ಎರಡು ಕಡೆ ನನಗೆ ಮುಂದೆ ಹೋಗಲಾಗಲಿಲ್ಲ. ಮಿಕ್ಕದ್ದನ್ನು ಬಿಟ್ಟು ಆ ಎರಡನ್ನೇ ಹಿಡಿದು ಬರೆಯುತ್ತಿದ್ದೇನೆ.

ಮೊದಲನೆಯದು ನಿಮ್ಮ ಎರಡನೇ ಪ್ಯಾರಾ. “ಡೋಂಟ್ ಎಂದರೆ ಡು ನಾಟ್. ನಮ್ಮ ಲೋಪಸಂಧಿಯಂತೆ ಒಂದು ಸ್ವರ ಬಿದ್ದಿದೆ, ಅಷ್ಟೆ. ಬೇಕಾದಲ್ಲಿ ಬಿಡಿಸಿ ಬರೆಯಬಹುದು” ಎಂದಿದ್ದೀರಿ. ಆ ‘ಬೇಕಾದಲ್ಲಿ’ ಎಂಬ ಮಾತೇ ಮಕ್ಕಳನ್ನು ದಾರಿ ತಪ್ಪಿಸುತ್ತದೆ. ‘ಊರಲ್ಲಿ’ ಎಂಬುದನ್ನು ಯಾವ ವಾಕ್ಯದಲ್ಲಿ ಬೇಕಾದರೂ ‘ಊರು + ಅಲ್ಲಿ’ ಎಂದು ಬಿಡಿಸಿ ತೋರಿಸಬಹುದು. ‘ಡೋಂಟ್ ಯು ನೋ ಹಿಮ್?’ ಎಂಬುದನ್ನು ಬಿಡಿಸಿ ನೋಡಿ. ‘ಡು ನಾಟ್ ಯು ನೋ ಹಿಮ್?’ ಎಂದು ಇಂದು ಯಾರೂ ಅನ್ನುವುದಿಲ್ಲ. ‘ಡು ಯು ನಾಟ್ ನೋ ಹಿಮ್?’ ಅನ್ನಬೇಕು. ಬಿಡಿಸಿದ ಕೂಡಲೇ ‘ನಾಟ್’ ಕರ್ತೃಪದವನ್ನು ದಾಟಿ ಆಚೆಗೆ ಹೋಗಿ ಕೂರುತ್ತದೆ. ಬರೀ ಒಂದು ಸ್ವರ ಬಿದ್ದಿದ್ದರೆ ಪದದ ಜಾಗ ಯಾಕೆ ಬದಲಾಗಬೇಕು?

ಇನ್ನೊಂದು ಸಾಕ್ಷಿ ನಿಮ್ಮ ಪಟ್ಟಿಯಲ್ಲೇ ಇದೆ. ‘ವಿಲ್’ಗೆ ‘ನಾಟ್’ ಸೇರಿದರೆ ‘ವಿಲಂಟ್’ ಆಗಬೇಕಿತ್ತು, ಆಗಿದ್ದು ‘ವೋಂಟ್’. ‘ವಿಲ್’ಗೆ ಹಿಂದೆ ಇದ್ದ ‘ವೋಲ್’ ಎಂಬ ರೂಪ ಅದರಲ್ಲಿ ಉಳಿದುಕೊಂಡಿದೆ. ‘ಡು’ ಎಂಬುದರ ಸ್ವರ ‘ಡೋಂಟ್’ನಲ್ಲಿ ಬದಲಾಗಿದೆ. ‘ಆಮ್’ಗೆ ಶಿಷ್ಟ ಇಂಗ್ಲಿಷಿನಲ್ಲಿ ಇಂಥ ರೂಪವೇ ಇಲ್ಲ. ‘ಆಮಂಟ್’ ಎನ್ನುವುದು ಸ್ಕಾಟ್ಲೆಂಡ್, ಐರ್ಲೆಂಡಿನ ಮಾತಿನಲ್ಲಿದೆ. ಉಳಿದವರು ಪ್ರಶ್ನೆಯಲ್ಲಿ ‘ಆರಂಟ್ ಐ?’ ಎಂದೂ ಹೇಳಿಕೆಯಲ್ಲಿ ‘ಐಮ್ ನಾಟ್’ ಎಂದೂ ನಿಭಾಯಿಸುತ್ತಾರೆ. ಹೀಗೆ ರೂಪ ಕೆಡುವುದು, ಕೆಲವು ಕಡೆ ರೂಪವೇ ಇಲ್ಲದಿರುವುದು ಪ್ರತ್ಯಯಗಳ ಲಕ್ಷಣ. ಭಾಷಾವಿಜ್ಞಾನಿಗಳಾದ ಆರ್ನಾಲ್ಡ್ ಜ್ವಿಕಿ ಮತ್ತು ಜೆಫ್ರಿ ಪುಲ್ಲಮ್ 1983ರಲ್ಲಿ ಇಂಥವೇ ಸಾಕ್ಷಿಗಳನ್ನಿಟ್ಟು, ಈ ಪದಗಳ ಕೊನೆಯ ‘ಂಟ್’ ಎಂಬುದು ‘ನಾಟ್’ನ ಗಿಡ್ಡ ರೂಪವಲ್ಲ, ಸಹಾಯಕ ಕ್ರಿಯಾಪದಕ್ಕೆ ಹತ್ತುವ ನಿಷೇಧ ಪ್ರತ್ಯಯ ಎಂದು ವಾದಿಸಿದರು. ಕನ್ನಡದವರಿಗೆ ಇದು ಕಷ್ಟದ ಮಾತೇ ಅಲ್ಲ. ‘ಒಲ್ಲೆ’, ‘ಅರಿಯೆ’, ‘ಮಾಡಲಾರೆ’ಗಳಲ್ಲಿ ‘ಇಲ್ಲ’ವನ್ನು ಕಿತ್ತು ತೋರಿಸಿ ಎಂದರೆ ಆಗುತ್ತದೆಯೇ? ಅಲ್ಲಿ ನಿಷೇಧ ಕ್ರಿಯಾಪದದ ಒಳಗೇ ಇದೆ. ‘ವೋಂಟ್’ ಪಕ್ಕದಲ್ಲಿ ‘ಒಲ್ಲೆ’ ಇಟ್ಟು, ‘ಕಾಂಟ್’ ಪಕ್ಕದಲ್ಲಿ ‘ಲಾರೆ’ ಇಟ್ಟು ತೋರಿಸಿದ್ದರೆ ಓದುವ ಹುಡುಗಿಗೆ ಅರೆಗಳಿಗೆಯಲ್ಲಿ ಹೊಳೆಯುತ್ತಿತ್ತು. ಲೋಪಸಂಧಿಯ ಹೋಲಿಕೆಯನ್ನು ಬಳಸಲೇಬೇಕೆಂದಿದ್ದರೆ ‘ಐಮ್’, ‘ಶೀಸ್’ಗಳಿಗೆ ಬಳಸಿ, ಅಲ್ಲಿ ಅದು ಹೆಚ್ಚು ಸರಿ, ‘ಐ ಆಮ್’, ‘ಶೀ ಇಸ್’ಗಳ ಸ್ವರವೇ ಅಲ್ಲಿ ಬಿದ್ದಿದೆ. ಇವು ‘ಇಸಂಟ್’ನ ಜಾತಿಯವಲ್ಲ ಎಂಬುದಕ್ಕೆ ಗುರುತೂ ಇದೆ. ‘ಶೀಸ್ ನಾಟ್’, ‘ಶೀ ಇಸಂಟ್’ ಎರಡೂ ನಡೆಯುತ್ತವೆ, ಎರಡನ್ನೂ ಸೇರಿಸಿ ‘ಶೀಸಂಟ್’ ನಡೆಯುವುದಿಲ್ಲ. ವಾಕ್ಯದ ಕೊನೆಗೆ ‘ನೋ, ಶೀ ಇಸಂಟ್’ ನಿಲ್ಲುತ್ತದೆ, ‘ಎಸ್, ಶೀಸ್’ ನಿಲ್ಲುವುದಿಲ್ಲ.

ಇದೇ ಪ್ಯಾರಾದ ಕೊನೆಗೆ “ಮಸ್ಟ್ ಎಂದರೆ ಬೇಕು, ಮಸಂಟ್ ಎಂದರೆ ಬೇಕಾಗಿಲ್ಲ” ಎಂದಿದೆ. ಇದು ತಪ್ಪು, ಅಪಾಯದ ತಪ್ಪು. ‘ಯು ಮಸಂಟ್ ಕಮ್’ ಎಂದರೆ ಬರಕೂಡದು. ಬರಬೇಕಾಗಿಲ್ಲ ಅನ್ನಲು ‘ಯು ನೀಡಂಟ್ ಕಮ್’ ಅಥವಾ ‘ಯು ಡೋಂಟ್ ಹ್ಯಾವ್ ಟು ಕಮ್’. ರಜೆ ಇದೆ, ಬರಬೇಕಾಗಿಲ್ಲ ಎಂದು ಸಹೋದ್ಯೋಗಿಗೆ ಹೇಳಹೊರಟವರು ಬರಲೇಬೇಡ ಎಂದು ತಡೆದಂತಾಗುತ್ತದೆ. ‘ಮಸಂಟ್’ ಎಂದು ಉಚ್ಚರಿಸುವಾಗ ‘ಮಸ್ಟ್’ನ ‘ಟ’ಕಾರ ಕೇಳಿಸುವುದಿಲ್ಲ ಎಂಬುದನ್ನು ನೀವು ಸರಿಯಾಗಿ ಹಿಡಿದಿದ್ದೀರಿ, ಅದನ್ನು ಉಳಿಸಿ.

ಎರಡನೆಯದು ಸಂಬಂಧಾರ್ಥಕ ಅವ್ಯಯಗಳ ಭಾಗ. ಅಲ್ಲಿ ಮೂರು ಉದಾಹರಣೆಗಳಿವೆ, ಮೂರರಲ್ಲೂ ಎಡವಿದ್ದೀರಿ.

“ಅನ್‌ಲೆಸ್ ಯು ಡೋಂಟ್ ಪೇ ದ ಫೀಸ್, ಯು ಕಾಂಟ್ ರೈಟ್ ದ ಎಗ್ಸಾಮ್.” ಇದು ಎಲ್ಲಿಂದ ಬಂತೆಂದು ಗೊತ್ತು. ನಾವು ಸಾಮಾನ್ಯವಾಗಿ ‘ಫೀಸು ಕಟ್ಟದ ಹೊರತು’ ಅನ್ನುತ್ತೇವೆ. ‘ಕಟ್ಟದ’ ಎಂಬುದರ ನಿಷೇಧವೇ ‘ಡೋಂಟ್’ ಆಗಿ ಇಳಿದಿದೆ. ಆದರೆ ‘ಅನ್‌ಲೆಸ್’ನ ಹೊಟ್ಟೆಯೊಳಗೆ ಆಗಲೇ ಒಂದು ‘ಇಲ್ಲ’ ಇದೆ. ಅದರ ಮೇಲೆ ಇನ್ನೊಂದು ಹೇರಿದ ಮೇಲೆ ನಿಮ್ಮ ವಾಕ್ಯ ಹೇಳುತ್ತಿರುವುದು, ಫೀಸು ಕಟ್ಟಿದವರು ಪರೀಕ್ಷೆ ಬರೆಯುವಂತಿಲ್ಲ ಎಂದು! ‘ಅನ್‌ಲೆಸ್ ಯು ಪೇ’ ಅನ್ನಿ, ಇಲ್ಲವೇ ‘ಇಫ್ ಯು ಡೋಂಟ್ ಪೇ’ ಅನ್ನಿ.

“ಐ ಡೋಂಟ್ ಡ್ರಿಂಕ್ ಕಾಫಿ ಆಂಡ್ ಟೀ.” ಕಾಫಿಯನ್ನೂ ಟೀಯನ್ನೂ ಕುಡಿಯುವುದಿಲ್ಲ ಎಂಬುದರ ‘ಊ’ಗಳು ಇಲ್ಲಿ ‘ಆಂಡ್’ ಆಗಿವೆ. ಎರಡನ್ನೂ ಅಲ್ಲಗಳೆಯುವಾಗ ಇಂಗ್ಲಿಷಿಗೆ ‘ಆರ್’ ಬೇಕು: ‘ಕಾಫಿ ಆರ್ ಟೀ’. ‘ಆಂಡ್’ ಉಳಿಸಿದರೆ, ಎರಡನ್ನೂ ಒಟ್ಟಿಗೆ ಕುಡಿಯುವುದಿಲ್ಲ, ಒಂದಾದರೆ ಸರಿ ಎಂಬ ಅರ್ಥಕ್ಕೂ ಜಾಗ ಬಿಟ್ಟಂತೆ.

“ಐ ಡಿಡಂಟ್ ಲೀವ್ ಬಿಕಾಸ್ ಇಟ್ ರೇನ್ಡ್.” ವ್ಯಾಕರಣ ಸರಿಯಿದೆ. ಆದರೆ “ಮಳೆ ಬಂತೆಂದು ನಾನು ಹೊರಡಲಿಲ್ಲ” ಎಂಬ ಒಂದೇ ಅರ್ಥ ಕೊಟ್ಟು ಮುಂದೆ ಹೋಗಿದ್ದೀರಿ. “ಮಳೆ ಬಂತೆಂದು ನಾನು ಹೊರಟದ್ದಲ್ಲ” ಎಂಬ ಅರ್ಥವೂ ಅದೇ ವಾಕ್ಯಕ್ಕಿದೆ, ಅಂದರೆ ಹೊರಟದ್ದು ನಿಜ, ಕಾರಣ ಬೇರೆ. ನಮಗೆ ‘ಇಲ್ಲ’ ಬೇರೆ, ‘ಅಲ್ಲ’ ಬೇರೆ. ಇಂಗ್ಲಿಷಿನ ‘ಡಿಡಂಟ್’ ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತದೆ. ಇಡೀ ಲೇಖನದಲ್ಲಿ ಕನ್ನಡ ಓದುಗರಿಗೆ ಮಾತ್ರ ಕೊಡಬಹುದಾದ ವಿಷಯ ಇದು, ಅದನ್ನೇ ಕೈಬಿಟ್ಟಿದ್ದೀರಿ ಎಂಬುದು ನನ್ನ ನಿಜವಾದ ಬೇಸರ. ಮೊದಲ ಅರ್ಥ ಬೇಕಿದ್ದರೆ ಕಾರಣವನ್ನು ಮುಂದೆ ತನ್ನಿ: ‘ಬಿಕಾಸ್ ಇಟ್ ರೇನ್ಡ್, ಐ ಡಿಡಂಟ್ ಲೀವ್’. ಎರಡನೆಯದು ಬೇಕಿದ್ದರೆ ‘ಐ ಲೆಫ್ಟ್, ಬಟ್ ನಾಟ್ ಬಿಕಾಸ್ ಇಟ್ ರೇನ್ಡ್’. ಇಲ್ಲಿ ‘ನಾಟ್’ ಪೂರ್ತಿಯಾಗಿ ಉಳಿದದ್ದನ್ನು ಗಮನಿಸಿ. ‘ಬಟ್’, ‘ಇಫ್’, ‘ಆರ್’ಗಳ ಪಕ್ಕದಲ್ಲಿ ಬರುವ ‘ನಾಟ್’ ಎಂದೂ ಮುದುಡುವುದಿಲ್ಲ, ಹಿಡಿದುಕೊಳ್ಳಲು ಅಲ್ಲಿ ಸಹಾಯಕ ಕ್ರಿಯಾಪದವಿಲ್ಲ. ನಿಮ್ಮ ಎರಡು ಭಾಗಗಳು ಕೂಡುವ ಜಾಗ ಇದೇ.

ಕರಡು ತಿದ್ದುವುದನ್ನು ನನಗೆ ಕಲಿಸಿದ ಹಿರಿಯರು ಒಂದು ಅಭ್ಯಾಸ ಹಚ್ಚಿದ್ದರು: ಉದಾಹರಣೆ ಯಾವುದೇ ಇರಲಿ, ಅಚ್ಚಿಗೆ ಹೋಗುವ ಮುಂಚೆ ಪ್ರಶ್ನೆಯಾಗಿ ತಿರುಗಿಸು, ಚಿಕ್ಕ ಉತ್ತರವಾಗಿ ಮುರಿ, ಆಮೇಲೆ ಕನ್ನಡಕ್ಕೆ ತಂದು ಅಲ್ಲಿಂದ ಹಿಂದಕ್ಕೆ ಒಯ್ಯಿ. ‘ಅನ್‌ಲೆಸ್’ ವಾಕ್ಯ ಆ ಮೂರನೇ ಸುತ್ತಿನಲ್ಲೇ ಸಿಕ್ಕಿಬೀಳುತ್ತಿತ್ತು.

ಆ ಎರಡು ಭಾಗಗಳನ್ನು ಮಾತ್ರ ಹೊಸದಾಗಿ ಬರೆದು ಕಳಿಸಿ. ‘ಇಸಂಟ್ ಇಟ್’ ಬಗೆಗಿನ ಕೊನೆಯ ಪುಟವನ್ನು ಸದ್ಯಕ್ಕೆ ತೆಗೆದಿಡಿ, ನಮ್ಮ ‘ಅಲ್ವಾ’ ಜೊತೆಗಿಟ್ಟು ನೋಡಿದರೆ ಅದೇ ಒಂದು ಲೇಖನವಾಗುತ್ತದೆ. ಮತ್ತೆ, ಕೈಬರಹದಲ್ಲಿ ಅಪಾಸ್ಟ್ರಫಿಯನ್ನು ನಾಲ್ಕು ಕಡೆ ಎನ್ ಅಕ್ಷರಕ್ಕೆ ಮುಂಚೆಯೇ ಹಾಕಿದ್ದೀರಿ. ಅದು ಬರಬೇಕಾದ್ದು ಓ ಬಿದ್ದುಹೋದ ಜಾಗದಲ್ಲಿ, ಎನ್ ಮತ್ತು ಟಿ ನಡುವೆ.