ಊಟ ಐದೇ ನಿಮಿಷಕ್ಕೆ ಮುಗಿಯುತ್ತದೆ, ತಿಂದದ್ದರ ರುಚಿಯೇ ನೆನಪಿರುವುದಿಲ್ಲ. ನಿಧಾನವಾಗಿ ಉಣ್ಣುವುದನ್ನು ಕಲಿಯೋದು ಹೇಗೆ?

ನಿಮ್ಮ ಪ್ರಶ್ನೆ ಓದಿ ನಗು ಬಂತು. ಎರಡು ವರ್ಷದ ಹಿಂದೆ ನಾನೇ ಇದನ್ನು ಕೇಳಬೇಕಿತ್ತು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ತುತ್ತು, ಮಧ್ಯಾಹ್ನ ಏನು ಪಲ್ಯ ಇತ್ತು ಅಂತ ಸಂಜೆ ಕೇಳಿದರೆ ತಲೆ ಕೆರೆದುಕೊಳ್ಳೋದು ಅಂತ ಬರೆದಿದ್ದೀರಲ್ಲ, ನನ್ನದೂ ಅದೇ ಕಥೆ.

ನಾನು ಬಾಗಲಕೋಟೆಯವನು. ರೈತರ ಮಾಲು ಮಾರಿಸಿಕೊಡುವ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಸುಗ್ಗಿಯಲ್ಲಿ ಡಬ್ಬಿ ಬಿಚ್ಚಿದ ಕೂಡಲೇ ಯಾರಾದರೂ ಲೆಕ್ಕ ಕೇಳಿಕೊಂಡು ಬಂದೇ ಬರುತ್ತಾರೆ. ಅಲ್ಲಿ ಹತ್ತಿದ ಚಟ ಮನೆಗೂ ಬಂತು. ಒಂದು ರಾತ್ರಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ (ಅಂದರೆ ಚಟ್ನಿಪುಡಿ) ಗಬಗಬ ನುಂಗಲು ಹೋಗಿ ಎದೆಗೆ ಹತ್ತಿತು. ಕಣ್ಣಲ್ಲಿ ನೀರು, ಬಿಕ್ಕಳಿಕೆ ನಿಲ್ಲಲೇ ಇಲ್ಲ. ಅವ್ವ ತಂಬಿಗೆ ಮುಂದಿಟ್ಟು, "ಯಾರರ ತಾಟ ಕಸಗೊಂಡ ಹೊಕ್ಕಾರೇನೋ?" ಅಂದಳು.

ಆಮೇಲೆ ಯಾವುದೋ ವಿಡಿಯೊ ನೋಡಿ, ಒಂದೊಂದು ತುತ್ತನ್ನೂ 32 ಸಲ ಅಗಿಯಲು ಶುರು ಮಾಡಿದೆ. ಮೂರು ದಿನ ನಡೆಯಿತು. ಬೆಳಗಿನಿಂದ ಲೆಕ್ಕ ಬರೆಯುವವನು ಊಟದಲ್ಲೂ ಲೆಕ್ಕ ಹಾಕುತ್ತ ಕೂತರೆ ರುಚಿ ಎಲ್ಲಿಂದ ಬರಬೇಕು? ಎಣಿಸುವ ಗೋಜಿಗೆ ನೀವು ಹೋಗಬೇಡಿ.

ಬಾಯಿ ಬಿಟ್ಟು ಕೈಯನ್ನು ನೋಡಿ. ನಮ್ಮ ಅವಸರ ಇರುವುದು ಕೈಯಲ್ಲಿ. ಬಾಯಿ ಇನ್ನೂ ಅಗಿಯುತ್ತಿರುತ್ತದೆ, ಕೈ ಆಗಲೇ ಇನ್ನೊಂದು ತುಂಡು ಮುರಿದು ಪಲ್ಯಕ್ಕೆ ಒತ್ತಿ ರೆಡಿ ಇರುತ್ತದೆ. ಬಾಗಿಲಲ್ಲಿ ಗಿರಾಕಿ ನಿಂತ ಹಾಗೆ! ಅದಕ್ಕೆ ಜಾಗ ಮಾಡಿಕೊಡಲು ಬಾಯಲ್ಲಿದ್ದದ್ದನ್ನು ಅರ್ಧ ಅಗಿದು ನುಂಗುತ್ತೇವೆ. ಇದು ಗೊತ್ತಾದ ದಿನದಿಂದ ನಾನು ಒಂದೇ ನೇಮ ಇಟ್ಟುಕೊಂಡೆ. ಬಾಯಿ ಖಾಲಿ ಆಗುವವರೆಗೆ ರೊಟ್ಟಿ ಮುರಿಯುವಂತಿಲ್ಲ. ಅಷ್ಟೇ. ಮೊದಮೊದಲು ಕೈಗೆ ಏನು ಮಾಡಬೇಕೋ ತಿಳಿಯದೆ ಸುಮ್ನೆ ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದೆ. ಫೋನು ಮಾತ್ರ ಬೇರೆ ಕೋಣೆಯಲ್ಲೇ ಇರಲಿ, ಇಲ್ಲದಿದ್ದರೆ ಖಾಲಿ ಕೈ ನೇರ ಅಲ್ಲಿಗೇ ಹೋಗುತ್ತದೆ.

ಇದನ್ನು ಕಲಿಯಲು ಖಡಕ್ ರೊಟ್ಟಿಯಂಥದ್ದು ಇನ್ನೊಂದಿಲ್ಲ. ಅನ್ನ ಸಾರು ಹಾಗೇ ಜಾರಿ ಹೋಗುತ್ತದೆ, ಖಡಕ್ ರೊಟ್ಟಿ ಹೋಗುವುದಿಲ್ಲ. ನುಂಗಲು ಹೋದರೆ ಏನಾಗುತ್ತದೆ ಅಂತ ಮೇಲೆ ಹೇಳಿದೆನಲ್ಲ. ಮೊದಲ ಸಲ ಹೀಗೆ ಮಾಡಿ. ಗುರೆಳ್ಳು (ಹುಚ್ಚೆಳ್ಳು) ಹಿಂಡಿ ಹಾಕಿಕೊಂಡು ನಡುವೆ ಬೆರಳಿನಿಂದ ಒಂದು ಕುಳಿ ಮಾಡಿ, ಅದಕ್ಕೆ ಒಂದಿಷ್ಟು ಕುಸುಬಿ ಎಣ್ಣೆ ಬಿಡಿ. ಪಕ್ಕಕ್ಕೆ ಗಟ್ಟಿ ಮೊಸರು, ಗುದ್ದಿ ಒಡೆದ ಉಳ್ಳಾಗಡ್ಡಿ. ಮೊದಲು ಏನೂ ಹಚ್ಚದೆ ಬರೀ ರೊಟ್ಟಿಯ ಒಂದು ತುಂಡು ಬಾಯಿಗೆ ಹಾಕಿ. ಕಟುಂ ಅನ್ನುತ್ತದೆ. ಸ್ವಲ್ಪ ಹೊತ್ತು ಹಿಟ್ಟಿನ ರುಚಿ, ಅಂಚು ಸೀದಿದ್ದರೆ ಒಂದಿಷ್ಟು ಕಹಿ. ಇನ್ನೂ ಅಗಿಯುತ್ತಿರಿ, ಮೆಲ್ಲಗೆ ಸಿಹಿ ಬರುತ್ತದೆ. ಜೋಳದಲ್ಲಿ ಸಕ್ಕರೆ ಹಾಕಿದವರು ಯಾರೂ ಇಲ್ಲ. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಜೋಳದ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆ. ಹುಟ್ಟಿದಾಗಿನಿಂದ ಜೋಳದ ರೊಟ್ಟಿ ತಿಂದವನಿಗೆ ಅದು ಸಿಹಿ ಅಂತ ಗೊತ್ತಾದದ್ದು ಮೂವತ್ತೆಂಟನೇ ವಯಸ್ಸಿನಲ್ಲಿ, ನೋಡಿ!

ಆಮೇಲೆ ಮೂಗು ಹಿಡಿದುಕೊಂಡು ಅದೇ ಹಿಂಡಿಯನ್ನು ತಿನ್ನಿ. ಉಪ್ಪು ಗೊತ್ತಾಗುತ್ತದೆ, ಖಾರ ಗೊತ್ತಾಗುತ್ತದೆ, ಆದರೆ ಗುರೆಳ್ಳೋ ಶೇಂಗಾವೋ ಹೇಳಲು ಬರುವುದಿಲ್ಲ. ಮೂಗು ಬಿಟ್ಟ ಕೂಡಲೇ ಹುರಿದ ಗುರೆಳ್ಳು, ಬಳ್ಳೊಳ್ಳಿ ಎಲ್ಲ ಒಮ್ಮೆಗೇ ಬರುತ್ತವೆ. ನಾವು ರುಚಿ ಅನ್ನುವುದರಲ್ಲಿ ವಾಸನೆಯ ಪಾಲೇ ಜಾಸ್ತಿ. ಅಗಿಯುವಾಗ ಅದು ಗಂಟಲ ಹಿಂದಿನಿಂದ ಮೂಗಿಗೆ ಏರುತ್ತದೆ. ಗಬಗಬ ನುಂಗಿದರೆ ಅದಕ್ಕೆ ಏರಲು ಹೊತ್ತೇ ಸಿಗುವುದಿಲ್ಲ.

ಹೊಟ್ಟೆ ತುಂಬಿದ್ದು ತಲೆಗೆ ತಿಳಿಯಲು ಸುಮಾರು 20 ನಿಮಿಷ ಬೇಕು ಅನ್ನುವುದನ್ನು ನೀವೂ ಕೇಳಿರುತ್ತೀರಿ. ನನಗಂತೂ ನಾಲ್ಕನೇ ರೊಟ್ಟಿ ತಾನಾಗಿಯೇ ಬೇಡವಾಯಿತು. ತೂಕ ಇಳಿಯಿತಾ ಅಂತ ಕೇಳಬೇಡಿ, ನೋಡಿಲ್ಲ.

ಎಲ್ಲ ಕಡೆ ಇದು ನಡೆಯುವುದಿಲ್ಲ ಅನ್ನೋದನ್ನೂ ಹೇಳಿಬಿಡುತ್ತೇನೆ. ಮದುವೆ ಊಟದಲ್ಲಿ ಮುಂದಿನ ಪಂಕ್ತಿಯವರು ನಿಮ್ಮ ಕುರ್ಚಿಯ ಬೆನ್ನು ಹಿಡಿದು ನಿಂತಿರುತ್ತಾರೆ. ಅಲ್ಲಿ ಗುರೆಳ್ಳಿನ ವಾಸನೆ ಹುಡುಕುತ್ತ ಕೂರಬೇಡಿ. ಅಂಗಡಿಯಲ್ಲಿ ನಾನು ಮೊದಲ ಮೂರು ತುತ್ತು ಮಾತ್ರ ಹೀಗೆ ಉಣ್ಣುತ್ತೇನೆ, ಉಳಿದದ್ದು ದೇವರಿಚ್ಛೆ.

ಇನ್ನೊಂದು ಮಾತು, ಇದು ನನಗೆ ತಡವಾಗಿ ಹೊಳೆದದ್ದು. ನಮ್ಮ ಕಡೆ ಬಿಸಿರೊಟ್ಟಿ ಊಟದಲ್ಲಿ ನಿಧಾನ ಮೊದಲಿನಿಂದಲೂ ಇತ್ತು. ಒಂದು ರೊಟ್ಟಿ ಮುಗಿದು ಇನ್ನೊಂದು ಹಂಚಿನಿಂದ ಇಳಿಯುವವರೆಗೆ ಕಾಯಲೇಬೇಕು. ಚಿಕ್ಕವನಿದ್ದಾಗ ಆ ಹೊತ್ತಿನಲ್ಲಿ ತಾಟಿನ ಅಂಚಿನ ಎಣ್ಣೆಗಾಯಿ ರಸ ನೆಕ್ಕುತ್ತ ಕೂತಿರುತ್ತಿದ್ದೆ. ರೊಟ್ಟಿ ಬಡಿಯುತ್ತಿದ್ದ ಅವ್ವ ಮಾತ್ರ ಎಲ್ಲರದೂ ಆದ ಮೇಲೆ, ಒಲೆ ಆರಿದ ಮೇಲೆ, ಉಳಿದದ್ದನ್ನು ಉಂಡು ಏಳುತ್ತಿದ್ದಳು. ನಾವು ನಿಧಾನ ಉಂಡದ್ದು ಅವಳ ಹೊತ್ತಿನಲ್ಲಿ.

ಅದಕ್ಕೇ ಈಗ ಭಾನುವಾರ ನಮ್ಮಲ್ಲಿ ಒಲೆ ಹಚ್ಚುವುದಿಲ್ಲ. ಓಣಿಯ ಹೆಣ್ಣುಮಕ್ಕಳು ಮಾಡಿ ಮಾರುವ ಖಡಕ್ ರೊಟ್ಟಿ ತರುತ್ತೇನೆ, ಮೊಸರು, ಹಿಂಡಿ, ಹಸಿ ಮೆಂತ್ಯ ಸೊಪ್ಪು. ಎಲ್ಲರೂ ಒಟ್ಟಿಗೆ ಕೂರುತ್ತೇವೆ. ಮೊದಲ ವಾರ ನಾನು ಇನ್ನೂ ಅರ್ಧ ರೊಟ್ಟಿಯಲ್ಲಿದ್ದೆ, ಅವ್ವ ಆಗಲೇ ಕೈ ತೊಳೆದು ಬಂದಳು. "ಇಷ್ಟ ಲಗೂ ಆತೇನವಾ?" ಅಂದೆ.

"ನನಗ ಹಿಂಗ ರೂಢಿಪಾ," ಅಂದು ತಾಟು ತಗೊಂಡು ಒಳಗೆ ಹೋದಳು.